ಒಲೆ ಆರಿಸಿದ್ಯಾ?

ಆ ಲೈಟು ಆರಿಸಿ ಇತ್ಲಾಗೆ ಬನ್ನಿ, ಹೇಳ್ತೀನಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗಳಿಗೇ ಆಗಿದ್ದು.

ಅಕ್ಕ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ಲು. ಆವತ್ತು ಅಂಗಡಿ ಬಾಗಿಲು ಹಾಕಿದಾಗ ಹತ್ತೂವರೆ. ಮನೆ ಮುಂದಿನ ರಸ್ತೆ ಅಗೆದು ಹಾಕಿದ್ರು ಅಂತ ಹಿಂದಿನ ಓಣಿ ಹಿಡಿದ್ಲು. ಅಲ್ಲೊಂದು ಹಾಳುಬಾವಿ, ಮೇಲೆ ಕಬ್ಬಿಣದ ಜಾಲರಿ. ಬಾವಿ ಹತ್ರ ಏನೋ ಆಯ್ತು ಅಂದ್ಕೋಬೇಡಿ... ಏನೂ ಆಗ್ಲಿಲ್ಲ. ಅದನ್ನ ದಾಟಿ ಇಪ್ಪತ್ತು ಹೆಜ್ಜೆ ಬಂದ್ರೆ ಅವಳದೇ ಮನೆಯ ಹಿಂದಿನ ಗೋಡೆ. ಓಣಿ ಮನೆಗಿಂತ ಎತ್ತರ. ಅಡುಗೆಮನೆಯ ಹೊಗೆ ಪೈಪಿನ ಬಾಯಿ ಸರಿಯಾಗಿ ಅವಳ ಕಿವಿಯ ಮಟ್ಟಕ್ಕೆ ಹೊರಗೆ ಚಾಚಿತ್ತು. ಆ ಪೈಪಿನೊಳಗಿಂದ ಮಾತು ಕೇಳಿಸ್ತು. ಅಕ್ಕ ಅಲ್ಲೇ ನಿಂತ್ಲು.

ಪೈಪಿನ ವಿಷಯ ಮೊದಲು ಹೇಳಿಬಿಡ್ತೀನಿ.

ಭಾವನದು ಮೋಟರ್ ರಿಪೇರಿ ಕೆಲಸ. ಫ್ಯಾನು, ಪಂಪು, ಮಿಕ್ಸಿ, ಏನು ಸುಟ್ಟುಹೋಗಿದ್ರೂ ಹೊಸ ತಂತಿ ಸುತ್ತಿ ಓಡಿಸೋರು. ಊರವರದ್ದೆಲ್ಲ ಸರಿಮಾಡೋರು, ಮನೇದು ಮಾತ್ರ ಒಂದೂ ಮುಗಿಸಿದ್ದಿಲ್ಲ. ನಲ್ಲಿ ವರ್ಷಗಟ್ಟಲೆ ಸೋರ್ತಿತ್ತು. ಅಂಥೋರು ಒಂದಿನ ಗುಜರಿಯಿಂದ ಹಳೇ ಚಿಮ್ನಿ ಹೊತ್ಕೊಂಡು ಬಂದ್ರು. ಹೊಗೆ ಎಳೆಯೋಕೆ ಅಂತ ಒಲೆ ಮೇಲೆ ಕೂರಿಸ್ತಾರಲ್ಲ, ಅದು. ಯಾವುದೋ ಕೆಡವಿದ ಮನೇದಂತೆ. ಪೂರ್ತಿ ತಾಮ್ರ. ದೊಡ್ಡ ಮಕ್ಕರಿ ಬೋರಲು ಹಾಕಿದ ಹಾಗಿತ್ತು. ಒಳಗೆ ಬೆರಳು ದಪ್ಪ ಜಿಡ್ಡು.

ಎರಡು ತಿಂಗಳು ಅದರ ಜೊತೆನೇ ಸಂಸಾರ. ಬಿಸಿನೀರಿಗೆ ಸೋಡಾ ಹಾಕಿ ಜಿಡ್ಡು ಕೆರೆದ್ರು. ನೆಗ್ಗಿದ ಕಡೆಯೆಲ್ಲ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಎಬ್ಬಿಸಿದ್ರು. ಬೇರಿಂಗ್ ಬದಲಾಯಿಸಿ ಮೋಟರಿಗೆ ಹೊಸ ತಂತಿ ಸುತ್ತಿದ್ರು. ಕೊನೆಗೆ ಗೋಡೆ ಕೊರೆದು ಪೈಪ್ ಹಾಯಿಸಿ, ಒಲೆಯಿಂದ ಎರಡೂವರೆ ಅಡಿ ಮೇಲೆ ಕೂರಿಸಿ ಸ್ವಿಚ್ ಒತ್ತಿದ್ರೆ... ಗುಂಯ್ ಅಂತ ಸಣ್ಣ ಸದ್ದು, ಅಷ್ಟೆ. ಅಕ್ಕನಿಗೂ ಹೆಮ್ಮೆ. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ಲು.

ಅದೇ ರಾತ್ರಿ, ಚಿಮ್ನಿ ಫ್ಯಾನ್ ನಿಲ್ಲಿಸಿ ಕಟ್ಟೆ ಒರೆಸ್ತಿದ್ಲು. ಮೇಲಿಂದ ಟಕ್... ಟಕ್. ಸೌಟನ್ನ ಪಾತ್ರೆ ಅಂಚಿಗೆ ಕುಟ್ಟಿದ ಹಾಗೆ. ತಾಮ್ರ ತಣ್ಣಗಾಗೋ ಸದ್ದು ಅಂದ್ಕೊಂಡ್ಲು. ಆಮೇಲೆ ಯಾರೋ ಗಂಟಲು ಸರಿಮಾಡ್ಕೊಂಡ್ರು. ಹೊಗೆ ಕುಡಿದು ಒಡೆದುಹೋದಂಥ ಹೆಂಗಸಿನ ದನಿ, ತಲೆಯಿಂದ ಒಂದು ಗೇಣು ಮೇಲೆ...

"ಒಲೆ ಆರಿಸಿದ್ಯಾ?"

ಅಕ್ಕ ಬಟ್ಟೆ ಅಲ್ಲೇ ಬಿಟ್ಟು ಓಡಿ, ಭಾವನನ್ನ ಎಳ್ಕೊಂಡು ಬಂದ್ಲು. ಇಬ್ಬರೂ ಉಸಿರು ಬಿಗಿಹಿಡಿದು ನಿಂತ್ರು. ಮತ್ತೆ ಅದೇ ದನಿ, ಅದೇ ಮಾತು. ಭಾವ ಅವಳ ಮುಖ ನೋಡಿ, ನನಗೇನೂ ಕೇಳಿಸ್ಲಿಲ್ವಲ್ಲ ಅಂದ್ರು.

ದಿನಾ ಇದೇ ಕತೆ. ಚಿಮ್ನಿ ತೆಗೆಸೋಣ ಅಂತ ಅಕ್ಕ ಅಂದ್ರೆ, ನಿಂಗೆ ಕೆಲಸ ಜಾಸ್ತಿಯಾಗಿದೆ, ನಿದ್ದೆ ಸಾಲ್ತಿಲ್ಲ ಅಂತ ಸಮಾಧಾನ ಮಾಡೋರು. ಮೊದಲು ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಕಿವಿ ಚೆನ್ನಾಗೇ ಇದೆ ಅಂದ್ರು ಅವರು. ಆಮೇಲೆ ಮನಸ್ಸಿನ ಡಾಕ್ಟರು. ಅಲ್ಲಿ ಭಾವ ಪಕ್ಕದಲ್ಲೇ ಕೂತು, ಅವಳ ಕೈ ಹಿಡ್ಕೊಂಡು, ಇವಳಿಗೆ ಇಲ್ಲದ ದನಿ ಕೇಳಿಸುತ್ತೆ ಅಂತ ವಿವರವಾಗಿ ಹೇಳಿದ್ರು. ಬರೆದುಕೊಟ್ಟ ಮಾತ್ರೇನ ಅಕ್ಕ ತಾನು ಕೆಲಸ ಮಾಡೋ ಅಂಗಡಿಯಲ್ಲೇ ತಗೊಂಡ್ಲು. ಅದು ಏತಕ್ಕೆ ಕೊಡೋ ಮಾತ್ರೆ ಅಂತ ಅವಳಿಗೆ ಯಾರೂ ಹೇಳಬೇಕಿರ್ಲಿಲ್ಲ. ಜೊತೆಗೆ ಕೆಲಸ ಮಾಡೋರಿಗೂ.

ನಾವೂ ನಂಬಿಬಿಟ್ವಿ. ಮುಚ್ಚಿಡೋದೇನು... ಭಾವ ಹೇಳಿದ ಹಾಗೆ ಕೇಳು ಅಂತ ನಾನೇ ಅವಳಿಗೆ ಬುದ್ಧಿ ಹೇಳಿದ್ದೆ.

ಈಗ ಓಣಿಗೆ ಬನ್ನಿ. ಪೈಪಿನಿಂದ ಮೊದಲು ಟಕ್... ಟಕ್. ಆಮೇಲೆ ಆ ಒಡಕು ದನಿ, ಒಲೆ ಆರಿಸಿದ್ಯಾ ಅಂತ. ಅದಕ್ಕೆ ಒಂದು ಉತ್ತರ ಬಂತು. ಭಾವನ ದನಿ. ಮೆತ್ತಗೆ, ನಿದ್ದೆಗಣ್ಣಿನ ಮಗುಗೆ ಹೇಳೋ ಹಾಗೆ.

"ಹ್ಞೂಂ, ಆರಿಸಿದೀನಿ. ನೀನು ಮಲಕ್ಕೋ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನ ಹತ್ರ ಒಂದು ಸಲಾನೂ ಆ ದನೀಲಿ ಮಾತಾಡಿರ್ಲಿಲ್ಲ ಕಣೇ ಅಂತಾಳೆ ಅಕ್ಕ.

ಒಳಗೆ ಹೋದ್ಲು. ಭಾವ ಚಿಮ್ನಿ ಕೆಳಗೆ ನಿಂತು ಮೆತ್ತನೆ ಬಟ್ಟೇಲಿ ತಾಮ್ರ ಉಜ್ಜುತ್ತಿದ್ರು. ಅಕ್ಕ ಕೂಗಾಡ್ಲಿಲ್ಲ. ಪಿಸುದನೀಲೇ ಕೇಳಿದ್ಲು.

"ನಿಮಗೆ ಯಾವತ್ತಿಂದ ಕೇಳಿಸ್ತಿದೆ?"

ಭಾವನ ಕೈ ನಿಂತಿತು. ಬಟ್ಟೆ ಮಡಿಸಿ ಕಟ್ಟೆ ಮೇಲಿಟ್ರು.

"ಮೊದಲನೇ ದಿನದಿಂದ."

"ಮತ್ತೆ ನನಗ್ಯಾಕೆ ಆ ಮಾತ್ರೆ?"

"ನನಗೂ ಕೇಳಿಸುತ್ತೆ ಅಂದಿದ್ರೆ ನೀನು ಇದನ್ನ ತೆಗೆಸಿಬಿಡ್ತಿದ್ದೆ."

ಅಷ್ಟೇ ಕಾರಣ. ಬೇರೆ ಇನ್ನೇನೋ ಇರಬೇಕು ಅಂತ ನಾವು ಎಷ್ಟು ಕೆದಕಿದ್ರೂ ಏನೂ ಸಿಗ್ಲಿಲ್ಲ. ಅಕ್ಕ ಆ ರಾತ್ರೀನೇ ಉಟ್ಟಬಟ್ಟೆಯಲ್ಲಿ ನಮ್ಮನೆಗೆ ನಡ್ಕೊಂಡು ಬಂದ್ಲು. ಡಾಕ್ಟರಿಗೆ ಎಲ್ಲ ಹೇಳಿ ಮಾತ್ರೆ ನಿಲ್ಲಿಸಿದ್ಲು. ನಮ್ಮನೇಲಿ ಅವಳಿಗೆ ಒಂದು ದಿನವೂ ಏನೂ ಕೇಳಿಸ್ಲಿಲ್ಲ. ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ಮಲಗಿರೋಳು, ಅದು ಬೇರೆ ಕಾರಣಕ್ಕೆ.

ಎಂಟು ದಿನ ಕಳೆದು ಅವಳ ಬಟ್ಟೆಬರೆ ತರೋಕೆ ಇಬ್ಬರೂ ಹೋದ್ವಿ. ಹಗಲು ಹೊತ್ತು, ಭಾವ ಮನೇಲಿರ್ಲಿಲ್ಲ. ಅಡುಗೆಮನೆಗೆ ಕಾಲಿಡಲ್ಲ ಅಂತ ಅಕ್ಕ ಕೋಣೇಲೇ ಬೀರು ಖಾಲಿ ಮಾಡ್ತಾ ಕೂತ್ಲು. ನನಗೆ ಸುಮ್ಮನೆ ನಿಂತಿರೋಕಾಗ್ಲಿಲ್ಲ. ಸಿಂಕಿನಲ್ಲಿದ್ದ ಪಾತ್ರೆಗೆ ಕೈ ಹಾಕಿದೆ. ಅದರಲ್ಲಿ ಊಟದ ತಟ್ಟೆ ಎರಡು. ಒಂದರಲ್ಲಿ ಎಂಜಲು ಒಣಗಿತ್ತು. ಇನ್ನೊಂದನ್ನ ಯಾರೋ ಬಳಿದು ಬಳಿದು ಚೊಕ್ಕಟವಾಗಿ ತಿಂದಿದ್ರು. ಬೆರಳು ಎಳೆದ ಕಡೆಯೆಲ್ಲ ಮಸಿಯ ಗೆರೆ.

ಆ ಎಂಟು ದಿನ ಮನೆಗೆ ಯಾರೂ ಬಂದಿಲ್ಲ ಅಂತ ಎದುರುಮನೆಯವರು ಅಂದ್ರು. ನೀವು ನಂಬಿ, ಬಿಡಿ. ತೊಳೆದವಳು ನಾನು. ಆ ಮಸಿ ಬಿಡೋಕೆ ಮೂರು ಸಲ ಸೋಪು ಹಾಕಬೇಕಾಯ್ತು.