ಸರ್ಕಾರ ಕೊಟ್ಟ ಹೊಸ ಕೆಲಸ

...ನಗಬೇಡಿ ಅತ್ತಿಗೆ, ಆ ಸರ್ಕಾರಿ ಸಾಹೇಬ ನಿಜವಾಗ್ಲೂ ಹಾಗೇ ಅಂದ. ಸಣ್ಣ ಅಂಗಡಿಗಳೇ ದೇಶದ ಬೆನ್ನೆಲುಬು ಅಂತ. ಅಂದೋನಿಗೆ ನೆಟ್ಟಗೆ ಕೂರೋಕೆ ಬೆನ್ನಿಲ್ಲ, ಸಭೆ ಮುಗಿಯೋವರೆಗೂ ಮೇಜಿನ ಮೇಲೆ ಒರಗಿಕೊಂಡೇ ಇದ್ದ. ನಾವು ಮಾತ್ರ, ಸೋಫಾ ಹೊಲಿಯೋ ನಾನು, ಬೀಗ ಮಾಡೋನು, ಎದುರಿನ ಬೇಕರಿಯೋನು, ಅಂಗಡಿ ಮುಚ್ಚಿ ಹೋಗಿ ಕೈಕಟ್ಟಿ ಕೂತಿದ್ವಿ. ಹೊಸಬರಿಗೆ ಕೆಲಸ ಕೊಡಿ, ಒಂದು ವರ್ಷ ಅವರ ಅರ್ಧ ಸಂಬಳ ಸರ್ಕಾರ ಕೊಡುತ್ತೆ ಅಂದ. ಅರ್ಧ. ಮೊಣಕೈಗೆ ತುಪ್ಪ ಸವರೋದು ಅಂದ್ರೆ ಇದೇ ನೋಡಿ. ವರ್ಷ ಆದ್ಮೇಲೆ ಏನು ಗತಿ ಅಂತ ಬೀಗದವನು ಕೇಳಿದ. "ಅಷ್ಟರಲ್ಲಿ ನಿಮ್ಮ ವ್ಯಾಪಾರ ಬೆಳೆದಿರುತ್ತೆ." ಹೇಗೆ ಬೆಳೆಯುತ್ತೆ? ತಿಪ್ಪೆ ಮೇಲೆ ಅಣಬೆ ಎದ್ದ ಹಾಗಾ? ಜನ ಕಾರ್ಖಾನೆ ಸೋಫಾ ತಗೊಂಡು, ಹರಿದ್ರೆ ಬೀದಿಗೆ ಎಸೀತಿದ್ದಾರೆ. ರಿಪೇರಿಗೆ ಅಂತ ನಮ್ಮ ಹತ್ರ ಯಾರು ಬರ್ತಾರೆ?

ಅಲ್ಲ, ಒಳಗ್ಯಾಕೆ, ಸೆಕೆ. ಇಲ್ಲೇ ಬಾಗಿಲ ಹತ್ರ ಕೂತ್ಕೊಳ್ಳಿ, ಗಾಳಿ ಬರುತ್ತೆ. ಬ್ಯಾಗ್ ಕೆಳಗಿಡಿ. ಬಸ್ಸಿಳಿದು ಸೀದಾ ಅಂಗಡಿಗೇ ಬಂದ್ರಲ್ಲ, ಮನೆಗೆ ಹೋಗಿ ಒಂದಿಷ್ಟು ಮಲಗೋದಲ್ವಾ. ಮಗಳ ಬಾಣಂತನ ಅಂದ್ರೆ ಸುಮ್ನೇನಾ, ಮುಖ ನೋಡಿ ಎಷ್ಟು ಇಳಿದುಹೋಗಿದೆ. ಮಗು ಯಾರ ಥರ... ಓ, ಮೂಗು ಅಣ್ಣಂದೇ. ಪಾಪ, ಅಣ್ಣ ಇದ್ದಿದ್ರೆ...

ಬೇಕರಿಯೋನು ಏನು ಮಾಡ್ದ ಕೇಳಿ. ಒಲೆ ಮುಂದೆ ಅವರಪ್ಪನ ಕಾಲದಿಂದ ಬೇಯುತ್ತಿದ್ದ ಮುದುಕ ಇದ್ದನಲ್ಲ, ಅವನನ್ನ ಮನೆಗೆ ಕಳಿಸ್ದ. ಹಳಬರಿಗೆ ಸರ್ಕಾರ ಏನೂ ಕೊಡಲ್ಲ ತಾತ ಅಂದನಂತೆ, ಬಾಯಲ್ಲಿ ಬೆಣ್ಣೆ ಇಟ್ಕೊಂಡ ಹಾಗೆ. ಹೊಸಬನ್ನ ತಂದ. ಈಗ ಅವನ ಬ್ರೆಡ್ಡಲ್ಲಿ ಗೋಡೆ ಕಟ್ಟಬಹುದು. ಕೆಲಸ ಹುಟ್ಟಿಸೋದು ಅಂದ್ರೆ ಇದಾ? ಒಬ್ಬನ ಮುಂದಿನ ತಟ್ಟೆ ಎತ್ತಿ ಇನ್ನೊಬ್ಬನ ಮುಂದೆ ಇಡೋದಾ? ಕರುಳಿಲ್ಲದ ಜನ.

ನಮ್ಮಲ್ಲಿಗೂ ಬಂದಿದ್ದ, ಆ ಬೆನ್ನಿಲ್ಲದ ಸಾಹೇಬ. ಹೊಸದಾಗಿ ಹೊಲಿದಿಟ್ಟ ಸೋಫಾನ ಕರ್ಚೀಫಿನಲ್ಲಿ ಒರೆಸಿ ಕೂತ. ಅದರ ಮೇಲೇ ನಿದ್ದೆ ಹೋಗ್ತಾನೇನೋ ಅಂದ್ಕೊಂಡೆ. ಇವರು ನಮ್ಮನ್ನ ಉದ್ಧಾರ ಮಾಡೋರು. ಇವರಿಗೆ ಒಂದು ಸೂಜಿಗೆ ದಾರ ಪೋಣಿಸೋಕೆ...

ಯಾಕೆ, ಏನು ಇಣುಕ್ತಿದ್ದೀರಿ? ಮಿಷನ್ ಸದ್ದಾ? ಹೂಂ, ಒಂದು ಹುಡುಗಿ. ನೀವಿಲ್ಲ ಅಂತ ಕೆಲಸ ನಿಲ್ಲಬಾರದಲ್ಲ, ಅದಕ್ಕೆ. ಏನೂ ಬರಲ್ಲ ಬಿಡಿ ಅವಳಿಗೆ. ಅಂಚು ಹೊಲಿ ಅಂದ್ರೆ ಹಾವು ಹರಿದ ಹಾಗೆ ಹೊಲೀತಾಳೆ. ...ನಿಮ್ಮ ಮಿಷನ್ನೇ. ಇನ್ನೊಂದು ಎಲ್ಲಿದೆ ನಮ್ಮ ಹತ್ರ?

ಹಾಗೆ ನೋಡಬೇಡಿ. ನಾನೇನು ಬೇಕರಿಯೋನಲ್ಲ. ನಿಮ್ಮನ್ನ ಬಿಡಿಸಿದೆ ಅಂತ ಯಾರಂದ್ರು? ಕೈಹೊಲಿಗೆ ಇರುತ್ತಲ್ಲ, ಗುಂಡಿ, ದಿಂಬು, ಅದನ್ನೆಲ್ಲ ಮನೆಗೇ ಕಳಿಸಿಕೊಡ್ತೀನಿ. ಒಂದು ವರ್ಷದ ಮಟ್ಟಿಗೆ. ಆರಾಮಾಗಿ ಮೊಮ್ಮಗು ನೋಡ್ಕೊಂಡು... ಹೌದು, ಮೊಮ್ಮಗು ಇರೋದು ಅವರ ಊರಲ್ಲಿ. ಗೊತ್ತು.

ಅಣ್ಣ ಹೋದ್ಮೇಲೆ ಈ ಅಂಗಡಿ ನಿಂತಿದ್ದೇ ನಿಮ್ಮಿಂದ, ಅದು ನನಗೆ ಗೊತ್ತಿಲ್ವಾ? ಕತ್ತರಿ ಹಿಡಿಯೋದು ನನಗೆ ಕಲಿಸಿದೋರೇ ನೀವು. ಏನಾದ್ರೂ ಅನ್ನಿ ಅತ್ತಿಗೆ. ಬೈಯ್ಬೇಕು ಅನ್ಸಿದ್ರೆ ಬೈದುಬಿಡಿ.

ಆ ಸಾಹೇಬ ಕೇಳ್ದ, ಇಷ್ಟು ದಿನ ಹೊಲಿಗೆಗೆ ಯಾರಿದ್ರು ಅಂತ. ಯಾರೋ ಇದ್ರು ಅಂದ್ರೆ ಅದು ಹೊಸ ಕೆಲಸ ಅಲ್ಲವಂತೆ. ಅವರ ಕಾನೂನಿಗೆ ಬೆಂಕಿ ಬೀಳ. ನಾನೇನು ಹೇಳ್ಲಿ? ನಾನೊಬ್ಬನೇ ಅಂದೆ. ಬೇರೆ ಯಾರೂ ಇರಲಿಲ್ಲ ಸಾರ್ ಅಂದೆ. ಮಾತಿಗೆ ಅಂದಿದ್ದು. ಮಾತಿಗೆ ಅಂದ್ರೆ ನೀವು ಇಲ್ದೇ ಹೋಗಿಬಿಡ್ತೀರಾ?

ನೀರು ಬೇಕಾ? ...ನೋಡಿ, ಇವತ್ತು ಮತ್ತೆ ಬರ್ತಾರೆ ಅವರು. ಆ ಹುಡುಗಿ ಮಿಷನ್ ಮುಂದೆ ಕೂತಿರೋ ಫೋಟೋ ಬೇಕಂತೆ. ಅದಕ್ಕೇ ಅಂದಿದ್ದು, ಮನೆಗೆ ಹೋಗಿ ಮಲಗಿ ಅಂತ. ಬ್ಯಾಗ್ ನಾನು ಎತ್ಕೊಳ್ತೀನಿ, ಹಿಂದಿನ ಬಾಗಿಲಿಂದ ಹೋಗಿಬಿಡೋಣ. ಏಳಿ. ಏಳಿ ಅತ್ತಿಗೆ, ಕಾರು ನಿಂತ ಸದ್ದಾಯ್ತು. ನಿಮ್ಮ ಕಾಲಿಗೆ ಬೀಳ್ತೀನಿ, ಏಳ್ತೀರಾ...

ಬನ್ನಿ ಸಾರ್, ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ. ಹುಡುಗಿ ಒಳಗಿದ್ದಾಳೆ ಸಾರ್, ಬಹಳ ಚುರುಕು.

ಇವರಾ? ಇವರು... ಗಿರಾಕಿ ಸಾರ್. ಏನೋ ಕುರ್ಚಿ ರಿಪೇರಿ ಅಂತ ಕೇಳೋಕೆ ಬಂದಿದ್ದಾರೆ.

ಹೌದು ಅನ್ನಿ, ಅತ್ತಿಗೆ.