ಆನೆ ಬೆಳಗೋಡಲ್ಲೈತೆ

ಸಕಲೇಶಪುರದ ಆಸ್ಪತ್ರೆಯೊಂದರ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಆನೆ ಎಲ್ಲಿದೆಯೆಂದು ಎಸ್ಟೇಟುಗಳಿಗೆ ಮೆಸೇಜ್ ಕಳಿಸುವುದು ಅವಳ ಮತ್ತು ಜೊತೆಗಿದ್ದ ಹುಡುಗನ ಕೆಲಸವೆಂದು ಅವರ ಮಾತಿನಿಂದಲೇ ತಿಳಿಯಿತು.

“ಲೋಹಿತ್, ಆನೆ ಇರೋ ಜಾಗ ಬರೋ ಡೇಟಾಬೇಸ್ ಕನೆಕ್ಷನ್ ನಿನ್ನೆನೇ ಕಟ್ ಆಗೈತೆ ಕಣೋ.”

“ಮತ್ತೆ ಬೆಳಿಗ್ಗೆ ಮೆಸೇಜ್ ಹೋಯ್ತಲ್ಲ, ಆನೆ ಬೆಳಗೋಡಲ್ಲೈತೆ ಅಂತ?”

“ಅದು ನಿನ್ನೇದು. ಕನೆಕ್ಷನ್ ನೋಡ್ಕೊಳ್ಳೋಕೆ ನಾವು ಬರೆದ ಕೋಡು ಹಳೇದನ್ನೇ ಹಿಡ್ಕೊಂಡು ಕೂತ್‌ಬುಟ್ಟೈತೆ. ಕಟ್ ಆದ್ಮೇಲೂ ಕನೆಕ್ಟೆಡ್ ಅಂತ್ಲೇ ಹೇಳೈತೆ.”

“ಟೆಸ್ಟ್ ಮಾಡಿದ್ವಲ್ಲೇ ನವ್ಯಾ.”

“ಆಫೀಸಲ್ಲಿ ಮಾಡಿದ್ವಿ. ಅಲ್ಲಿ ಯಾವತ್ತು ಕಟ್ ಆಗಿತ್ತು?”

ಅವನು ಸ್ಕ್ರೀನಿನತ್ತ ಬಾಗಿದ. ಅವಳೇ ಮುಂದುವರಿಸಿದಳು.

“ವನಗೂರು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ರು ಆಳುಗಳಿರೋ ಲೈನ್ ಮನೆಗಳ ಮುಂದೆ ನಿಂತು ನಮ್ಮ ಮೆಸೇಜ್ ಓದ್ತಾರೆ. ಆಮೇಲೇ ಆಳುಗಳು ತೋಟಕ್ಕೆ ಇಳಿಯೋದು. ಇವತ್ತು ಆನೆ ದೂರ ಬೆಳಗೋಡಲ್ಲೈತೆ ಅಂತ ನಂಬಿ, ಅಲ್ಲಿ ಕೆಲ್ಸ ಮಾಡೋ ಮಾದಮ್ಮ ಎಲ್ರಿಗಿಂತ ಮುಂದೆ ಹೋಗವ್ರೆ. ಆನೆ ಕಾಫಿ ಗಿಡದ ಮಧ್ಯನೇ ನಿಂತಿತ್ತಂತೆ.”

“ಈಗ ಸರಿ ಮಾಡಿದ್ಯಾ?”

“ಮಾಡ್ದೆ. ಇನ್ಮೇಲೆ ಅದು ಏನೂ ನೆನಪಿಟ್ಕೊಳ್ಳಲ್ಲ, ಪ್ರತಿ ಸಲ ಹೊಸದಾಗಿ ಕೇಳ್ತೈತೆ. ಕನೆಕ್ಷನ್ ಇಲ್ದಿದ್ರೆ ‘ಗೊತ್ತಿಲ್ಲ’ ಅಂತ ಕಳಿಸ್ತೈತೆ.”

“ಯಾರಾದ್ರೂ ಕೇಳಿದ್ರೆ ನೆಟ್‌ವರ್ಕ್ ಇರ್ಲಿಲ್ಲ ಅನ್ನೋಣ ಮಾರಾಯ್ತಿ.”

“ಅನ್ನು. ನನ್ನ ಕೈಲಾಗಲ್ಲ.”

ಅವನು ಒಳಗಿನ ಬಾಗಿಲನ್ನೇ ನೋಡುತ್ತಿದ್ದ. ಕೊನೆಗೆ ಅದು ತೆರೆದು ನರ್ಸ್ ಹೊರಗೆ ಬಂದರು.

“ಮಾದಮ್ಮನ ಕಡೆಯೋರು ಯಾರ್ರೀ?”

ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ ಏಳುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

“ನಾವೇ ಸಿಸ್ಟರ್,” ಎಂದು ಒಳಗೆ ನಡೆದ.