ಬಾವಿಕಟ್ಟೆಯ ಶ್ರುತಿ

ದೆವ್ವಗಳೆಲ್ಲ ನಾನು ಹುಟ್ಟಿದ ಊರಲ್ಲೇ ಉಳಿದವು ಅಂದುಕೊಂಡಿದ್ದೆ. ಇಷ್ಟು ದೂರದ, ಇಷ್ಟು ದೊಡ್ಡ ಪಟ್ಟಣಕ್ಕೆ ಅವಕ್ಕೆ ದಾರಿ ಯಾರು ತೋರಿಸಬೇಕು?

ಇದು ನಮ್ಮ ಪಕ್ಕದ ಮನೆಯ ಪಿಟೀಲಿನವಳಿಗೆ ಆದದ್ದು. ನಾಳಿದ್ದು ಭಾನುವಾರ ದೊಡ್ಡ ಸಭಾಂಗಣದಲ್ಲಿ ಅವಳ ಮೊದಲ ಕಛೇರಿ, ಹೆಸರಾಂತ ಗಾಯಕಿಗೆ ಪಕ್ಕವಾದ್ಯ. ಆ ಗಾಯಕಿಗೆ ವರ್ಷಗಟ್ಟಲೆ ಪಿಟೀಲು ನುಡಿಸಿದ ಮುದುಕರು ಹೋದ ತಿಂಗಳು ತೀರಿಕೊಂಡರು; ಆ ಜಾಗ ಇವಳಿಗೆ ಸಿಕ್ಕಿತು. "ಇಷ್ಟು ದಿನ ನಮ್ಮ ಕಿವಿ ಕುಯ್ದೆ, ಇನ್ನು ಊರಿನ ಕಿವಿ ಕುಯ್ಯಿ ಹೋಗು" ಅಂತ ನಾನೇ ಹಾಸ್ಯ ಮಾಡಿದ್ದೆ.

ಸೋಮವಾರ ಅಭ್ಯಾಸ ಮುಗಿಸಿ ಪಿಟೀಲಿನ ಪೆಟ್ಟಿಗೆ ಹಿಡಿದು ತಡವಾಗಿ ನಡೆದು ಬರುತ್ತಿದ್ದಳು. ಗಲ್ಲಿಯ ತುದಿಯ ಹಳೇ ಬಾವಿ ಗೊತ್ತಲ್ಲ, ಕಬ್ಬಿಣದ ಜಾಲರಿ ಮುಚ್ಚಿದ್ದು... ಅದರ ಕಟ್ಟೆಯ ಮೇಲೆ ಯಾರೋ ಹಿರಿಯರು. ಮುಖ ಕಾಣಲಿಲ್ಲ.

"ಶ್ರುತಿ ಸೇರಿಲ್ಲ ಮಗಳೇ."

"ಹೌದಾ ಅಜ್ಜ?"

"ಕೊಡು ಇಲ್ಲಿ."

ಕೊಟ್ಟಳು! ವಿದ್ಯೆಯಲ್ಲಿ ಹಿರಿಯರು ಕೈ ಚಾಚಿದರೆ ವಾದ್ಯ ಕೊಡುವುದು ಸಂಗೀತದವರಲ್ಲಿ ಮರ್ಯಾದೆ. ಕಿರ್ರ್... ತಂತಿ ಬಿಗಿಯುವ ಬಿರಡೆ ತಿರುಗಿತು. ಟಿಣ್... ತಂತಿ ಮೀಟಿದರು. ಮತ್ತೆ ಕಿರ್ರ್...

"ಇನ್ನು ಹೀಗೇ ಇರಲಿ."

ಪೆಟ್ಟಿಗೆ ಮುಚ್ಚಿ ತಲೆಯೆತ್ತಿದರೆ ಕಟ್ಟೆ ಖಾಲಿ.

ಮರುದಿನ ಆ ನಾದ ಕೇಳಿದ್ದೇ ಗಾಯಕಿ ಬಿಳಿಚಿಕೊಂಡರಂತೆ. "ಇದು ತೀರಿಕೊಂಡ ನಮ್ಮ ಪಿಟೀಲಿನವರ ಶ್ರುತಿ. ಇಳಿಸಿ ಹಾಡು, ಇಳಿಸಿ ಹಾಡು ಅಂತ ಸಾಯೋವರೆಗೂ ಜಗಳ ಆಡಿದ್ರು. ಅಷ್ಟು ಕೆಳಗೆ ನನ್ನ ಗಂಟಲು ಇಳಿಯೋಲ್ಲಮ್ಮ."

ಏರಿಸಿದಳು. ಬೆಳಗಾಗುವಷ್ಟರಲ್ಲಿ ಇಳಿದಿತ್ತು. ತಂತಿ ಬದಲಿಸಿದಳು. ಜಾರದಿರಲಿ ಅಂತ ಬಿರಡೆಗೆ ಸೀಮೆಸುಣ್ಣ ತಿಕ್ಕಿದಳು. ಗೆಳತಿಯ ಪಿಟೀಲು ಬೇಡಿ ತಂದಳು... ಅದೂ ಇಳಿಯಿತು. "ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ಕರೀತೀನಿ" ಎಂದರು ಗಾಯಕಿ.

ನಿನ್ನೆ ರಾತ್ರಿ ಪೆಟ್ಟಿಗೆ ಅಪ್ಪಿಕೊಂಡು ನನ್ನ ಬಾಗಿಲಿಗೆ ಬಂದಳು.

"ನೀವಿಟ್ಕೊಳ್ಳಿ ದೊಡ್ಡಮ್ಮ. ನಿಮ್ಮನೇಲಾದ್ರೂ..."

ನನ್ನೆದುರೇ ಶ್ರುತಿ ಏರಿಸಿದಳು. ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಣ್ಣು ಹತ್ತುವುದರಲ್ಲಿತ್ತು...

ಕಿರ್ರ್...

ಈ ವಯಸ್ಸಲ್ಲಿ ನಾನೇನು ಮಾಡಲಿ? ಕುಸ್ತಿ ಆಡಲೇ? ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. "ಅಣ್ಣಾ... ಪಾಪ, ಚಿಕ್ಕ ಹುಡುಗಿ. ನಿಮ್ಮ ಕಾಲ ಆಯ್ತು, ಅವಳದು ಈಗ ತಾನೇ ಶುರು. ಬಿಟ್ಟುಬಿಡಿ" ಎಂದೆ, ಪಿಸುದನಿಯಲ್ಲಿ.

ಸದ್ದು ನಿಂತಿತು. ನಿಂತೇಹೋಯಿತು ಅಂದುಕೊಂಡೆ.

ಟಿಣ್...

ಬೆಳಿಗ್ಗೆ ಬಂದು ಒಂದು ತಂತಿ ಮೀಟಿದಳು. ಮತ್ತೆ ಇಳಿದಿತ್ತು. ಅಳಲಿಲ್ಲ. ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.

ನಂಬಿ, ಬಿಡಿ. ಬಿರಡೆ ಸಡಿಲವೇನೋ ಅಂತ ಇದೇ ಬೆರಳಿಂದ ಮುಟ್ಟಿ ನೋಡಿದೆ. ಬಿಗಿಯಾಗೇ ಇತ್ತು.

ಬೆಚ್ಚಗಿತ್ತು.